ಸೆಪಿಯಾ ಸುರಿದ ನೀರು

ಬಾಲಿಂಗ್, ಕೆಡಾ
11 ಏಪ್ರಿಲ್ 1999
ಕ್ಯಾಸೆಟ್ಟಿನ ಎರಡನೆಯ ಬದಿ

ಮಗಳೇ ನಾನಿ,

ಕೆಂಪು ಗುಂಡಿ ಒತ್ತಿದ್ದೇನೆ. ಒತ್ತಿದ್ದು ಕೆಂಪೇ ಇರಬೇಕು, ಎಡಗಡೆಯಿಂದ ಮೊದಲನೆಯದು ಅಂತ ನಿನ್ನ ಅಮ್ಮ ನನ್ನ ಬೆರಳು ಹಿಡಿದು ತೋರಿಸಿಕೊಟ್ಟಿದ್ದಾಳೆ. ಮೊದಲನೆಯ ಬದಿಯಲ್ಲಿ ನಾವಿಬ್ಬರೂ ಮಾತಾಡಿದ್ದನ್ನು ಕೇಳಿರುತ್ತೀ. ಮಸೀದಿಯ ತಗಡು ಗಾಳಿಗೆ ಹಾರಿದ್ದು, ಅಮ್ಮ ನಿನಗೆ ಒಣಮೀನು ಕಟ್ಟಿಟ್ಟದ್ದು, ಎಲ್ಲ. ಈ ಬದಿ ನನ್ನೊಬ್ಬನದು. ಅವಳು ಮೇಲಿನ ಸಾಲಿನ ಮರಗಳ ಹಾಲು ತರಲು ಹೋಗಿದ್ದಾಳೆ. ನಾನು ರಬ್ಬರ್ ಶೀಟು ಒತ್ತುವ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತಿದ್ದೇನೆ. ಹಾಸ್ಟೆಲಿನ ಹುಡುಗಿಯರು ಸುತ್ತ ಇದ್ದರೆ ಇಲ್ಲಿಗೆ ನಿಲ್ಲಿಸಿಬಿಡು, ಒಬ್ಬಳೇ ಇದ್ದಾಗ ಕೇಳು.

ಇನ್ನು ಕಣ್ಣಿಗೆ ಏನೂ ಮಾಡುವುದಕ್ಕೆ ಆಗುವುದಿಲ್ಲ ಅಂತ ರಾಜಧಾನಿಯ ಡಾಕ್ಟರು ಹೇಳಿದರು ಎಂದು ಆ ಬದಿಯಲ್ಲಿ ಹೇಳಿದೆನಲ್ಲ, ಅದು ಸುಳ್ಳು. ಅಮ್ಮ ಪಕ್ಕದಲ್ಲೇ ಕೂತಿದ್ದಳು, ಅದಕ್ಕೆ.

ನಡೆದದ್ದು ಹೀಗೆ. ಆಸ್ಪತ್ರೆಯಲ್ಲಿ ಅಮ್ಮ ಔಷಧಿಯ ಸಾಲಿನಲ್ಲಿ ನಿಂತಿದ್ದಳು. ಒಬ್ಬ ನರ್ಸು ನನ್ನನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಒಂದು ತಣ್ಣನೆಯ ತಟ್ಟೆಯ ಮೇಲೆ ಗಲ್ಲ ಇಡಿಸಿ ಕೂರಿಸಿದಳು. ಎದುರಿಗೆ ಡಾಕ್ಟರ್ ಟಿಯೊ. ಹೆಂಗಸು. ದನಿ ಕೇಳಿದರೆ ನಿನ್ನ ಅಮ್ಮನಿಗಿಂತ ಚಿಕ್ಕವರು. ಬೆಳಕು ಹಾಯಿಸಿದರು. ನನಗೆ ಕಂಬಳಿಯ ಆಚೆ ಯಾರೋ ದೀಪ ಹಿಡಿದ ಹಾಗೆ ಕಂಡಿತು, ಅಷ್ಟೆ.

“ಆಸಿಡ್ ಬಿದ್ದ ಕೂಡ್ಲೇ ಕಣ್ಣಿಗೆ ಏನು ಹಾಕಿದ್ರಿ ಪಾಕ್‌ಚಿಕ್?” ಅಂತ ಚಿಕ್ಕಪ್ಪನನ್ನು ಕರೆಯುವ ಹಾಗೆ ಕರೆದು ಕೇಳಿದರು.

“ಅಮೋನಿಯಾ ನೀರು. ನನ್ನ ಹೆಂಡ್ತಿ ಸೆಪಿಯಾ ಹಾಕಿದ್ಲು. ಅವಳ ತಲೆ ಚುರುಕು, ಡಾಕ್ಟ್ರೇ,” ಅಂದೆ.

ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ ಸದ್ದು.

“ರಬ್ಬರ್ ಹಾಲಿಗೆ ಆಸಿಡ್ ಹಾಕಿದ್ರೆ ಏನಾಗತ್ತೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹೆಪ್ಪುಗಟ್ಟತ್ತೆ. ಕಣ್ಣಲ್ಲೂ ಹಾಗೇನೇ. ಅದು ಸುಟ್ಟ ಜಾಗದಲ್ಲಿ ಒಂದು ಕೆನೆ ಕಟ್ಟಿ, ಒಳಗೆ ಹೋಗೋ ತನ್ನ ದಾರೀನ ತಾನೇ ಮುಚ್ಕೊಳತ್ತೆ. ಬರೀ ನೀರು ಸುರಿದಿದ್ರೆ ನಿಮಗೆ ಒಂದಷ್ಟು ಮಂಜು ಉಳೀತಿತ್ತೇನೋ. ಅಮೋನಿಯಾ ಹಾಗಲ್ಲ ಪಾಕ್‌ಚಿಕ್. ಅದು ನಿಲ್ಲಲ್ಲ. ಇಳೀತಾನೇ ಹೋಗತ್ತೆ.”

ನೋಡು ಮಗಳೇ, ನಾನು ಬದುಕಿದ್ದೇ ಈ ಎರಡು ಕ್ಯಾನುಗಳ ನಡುವೆ. ಹಾಲು ಹೆಪ್ಪಾಗಬೇಕಾದರೆ ಆಸಿಡ್. ಲಾರಿ ಬರುವ ತನಕ ಹೆಪ್ಪಾಗದೆ ಇರಬೇಕಾದರೆ ಅಮೋನಿಯಾ. ಒಂದು ಮಾಡಿದ್ದನ್ನು ಇನ್ನೊಂದು ತಡೆಯುತ್ತದೆ ಅನ್ನುವುದು ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಆಸಿಡ್ ಕ್ಯಾನು ನನ್ನ ಕೈಜಾರಿ ಮುಖಕ್ಕೆ ಚಿಮ್ಮಿದಾಗ ಅವಳ ಜಾಗದಲ್ಲಿ ನಾನಿದ್ದರೂ ಅದೇ ಡಬ್ಬಿಗೆ ಕೈ ಹಾಕುತ್ತಿದ್ದೆ. ಬೇರೆ ಊರಿನವಳಾಗಿದ್ದರೆ ಕಿರುಚಿಕೊಂಡು ಬಾವಿಗೆ ಓಡುತ್ತಿದ್ದಳು, ಕಣ್ಣು ಉಳಿಯುತ್ತಿತ್ತು. ಇವಳಿಗೆ ಕೆಲಸ ಗೊತ್ತಿತ್ತು.

ಅವಳು ಆ ಕಥೆ ಹೇಳುವುದನ್ನು ನೀನು ಕೇಳಿದ್ದೀಯಲ್ಲ. ನನ್ನನ್ನು ನೋಡಲು ಬಂದವರಿಗೆಲ್ಲ ಕಾಫಿ ಕೊಟ್ಟ ಮೇಲೆ ಶುರು. “ನಾನೇನು ಬಾಯಿ ಬಡ್ಕೊಂಡು ಕೂರ್ಲಿಲ್ಲ ಕಣ್ರೀ. ಇವರ ತಲೆ ತೊಡೆ ಮೇಲಿಟ್ಕೊಂಡು, ರೆಪ್ಪೆ ಬಿಡಿಸಿ, ಡಬ್ಬಿ ಪೂರ್ತಿ ಸುರಿದೆ. ಒದ್ದಾಡಿದ್ರು, ಬಿಡ್ಲಿಲ್ಲ. ಇಲ್ಲಾಂದ್ರೆ ಇವತ್ತು ಕಣ್ಣುಗುಡ್ಡೆಯೇ ಇರ್ತಿರ್ಲಿಲ್ಲ.” ಕೊನೆಗೆ ನನ್ನ ಕಡೆ ತಿರುಗಿ, “ಅಲ್ವಾ ಅಬಾಂಗ್?” ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ. ಡಾಕ್ಟರ್ ಹೇಳಿದ ಮೇಲೂ ಹೂಂ ಅಂದಿದ್ದೇನೆ. ನಿನ್ನೆ ಕೂಡ.

ಈಗ ಮುಖ್ಯವಾದ ಮಾತು. ಕರಿಗುಡ್ಡೆಯ ಸುತ್ತ ಅಂಚಿದೆಯಲ್ಲ, ಅದೇ ಕಣ್ಣಿನ ಸಸಿಮಡಿ ಅಂತೆ. ಕಣ್ಣ ಮೇಲಿನ ತೆಳ್ಳಗಿನ ಚರ್ಮ ದಿನಾ ಅಲ್ಲಿಂದಲೇ ಹುಟ್ಟಿ ಬರುತ್ತದೆ. ನನ್ನದು ಸುಟ್ಟುಹೋಗಿದೆ. ಅದಕ್ಕೇ ಬಿಳಿಯ ಕಡೆಯ ರಕ್ತನಾಳ ಎಲ್ಲ ಕಳೆ ಹಬ್ಬಿದ ಹಾಗೆ ಕರಿಯ ಮೇಲೆ ಹತ್ತಿದೆ. ರಕ್ತಸಂಬಂಧಿಯ ಕಣ್ಣಿನ ಅಂಚಿನಿಂದ ಒಂದು ಚೂರು ತೆಗೆದು ಇಲ್ಲಿ ಕೂರಿಸಿದರೆ ಬದುಕಬಹುದು, ಎಡಗಣ್ಣಿಗೆ ಆಸೆ ಇಟ್ಟುಕೊಳ್ಳಬಹುದು ಅಂದರು. ನಾವು ಒಳ್ಳೆ ಮರದ ಮೊಗ್ಗನ್ನು ತೊಗಟೆ ಸಮೇತ ಎತ್ತಿ ಕಾಡುಗಿಡಕ್ಕೆ ಕಸಿ ಕಟ್ಟುವುದಿಲ್ಲವೇ, ಹಾಗೆ.

“ಮಗಳಿದಾಳೆ,” ಅಂದೆ.

“ಕರ್ಕೊಂಡ್ಬನ್ನಿ. ಹೆಂಡ್ತೀನೂ ಬರ್ಲಿ. ಕೊಡೋರು, ತಗೊಳ್ಳೋರು, ನೋಡ್ಕೊಳ್ಳೋರು ಮೂವರನ್ನೂ ಕೂರಿಸ್ಕೊಂಡು ಏನಾಯ್ತು, ಯಾಕಾಯ್ತು ಅಂತ ಬಿಡಿಸಿ ಹೇಳದೆ ನಾನು ಕತ್ತರಿ ಹಿಡಿಯಲ್ಲ.”

ಹಾಗಾದರೆ ಬೇಡ ಅಂತ ಎದ್ದುಬಂದೆ.

ನನಗೆ ಕಣ್ಣು ಬೇಕು ಮಗಳೇ. ಬೇಡ ಅಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆದರೆ ಅವಳಿಗೆ ಗೊತ್ತಾಗಿ ಸಿಗುವ ಕಣ್ಣು ಬೇಡ. ನೀನು ಬರೆಯುವಾಗ ಎಚ್ಚರ, ನಿನ್ನ ಕಾಗದ ಓದಿ ಹೇಳುವವಳು ಅವಳೇ. ಇದನ್ನು ಕೇಳಿ ಮುಗಿದ ಮೇಲೆ ಮೇಲೊಂದು ಹಾಡು ತುಂಬಿಸಿಬಿಡು.

ಚಪ್ಪಲಿಯ ಸದ್ದಾಯಿತು. ಬಂದಳು.

ಇಂತಿ,
ನಿನ್ನ ಅಪ್ಪ ಡಾರುಸ್


ಕುಲಿಮ್
2 ಮೇ 1999

ಅಮ್ಮನಿಗೂ ಅಪ್ಪನಿಗೂ ನಾನಿಯ ಸಲಾಮ್.

ಅ ಚೋಯ್ ಅಣ್ಣ ರಬ್ಬರ್ ಹಾಲಿನ ಲಾರಿಯಲ್ಲಿ ತಂದ ಒಣಮೀನು, ಕ್ಯಾಸೆಟ್ಟು ಎರಡೂ ತಲುಪಿದವು. ಮೀನಿನ ವಾಸನೆಗೆ ಇಡೀ ಹಾಸ್ಟೆಲೇ ನನ್ನ ಕೋಣೆಗೆ ಬಂತು. ಈಗ ನನ್ನನ್ನು ಕಾರ್ಖಾನೆಯಲ್ಲಿ ರಬ್ಬರ್ ಗ್ಲೌಸಿಗೆ ಗಾಳಿ ತುಂಬಿ ತೂತು ನೋಡುವ ವಿಭಾಗಕ್ಕೆ ಹಾಕಿದ್ದಾರೆ. ಇಡೀ ದಿನ ಊದಿಕೊಂಡ ಕೈಗಳನ್ನು ನೋಡುತ್ತಿರುತ್ತೇನೆ, ಯಾರೋ ದೂರದಿಂದ ಟಾಟಾ ಮಾಡುತ್ತಿರುವ ಹಾಗೆ.

ಅಮ್ಮಾ, ಮುಂದಿನದನ್ನು ಜೋರಾಗಿ ಓದು. ಅಪ್ಪ ಹೊರಗಿದ್ದರೆ ಕರೆದು ಕೂರಿಸಿಕೊಂಡು ಓದು.

ನಮ್ಮ ಕಾರ್ಖಾನೆಯ ದವಾಖಾನೆಯ ನರ್ಸಮ್ಮನನ್ನು ಕೇಳಿದೆ. ಇಂಥ ಕಣ್ಣಿಗೆ ರಾಜಧಾನಿಯಲ್ಲಿ ಹೊಸದಾಗಿ ಒಂದು ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾರಂತೆ. ಒಡಹುಟ್ಟಿದವರೋ ಮಕ್ಕಳೋ ಕಣ್ಣಿನ ಅಂಚಿನಿಂದ ಉಗುರಿನ ತುದಿಯಷ್ಟು ಕೊಟ್ಟರೆ ಸಾಕಂತೆ. ಕೊಟ್ಟವರ ಕಣ್ಣು ಕೆಲವೇ ದಿನಗಳಲ್ಲಿ ಮಾಯುತ್ತದೆ, ದೃಷ್ಟಿಗೆ ಏನೂ ಆಗುವುದಿಲ್ಲ. ನಾನು ಕೊಡುತ್ತೇನೆ. ತೀರ್ಮಾನ ಮಾಡಿಯಾಗಿದೆ. ಅಪ್ಪ ಬೇಡ ಅಂದರೆ ನೀನು ಒಪ್ಪಬೇಡ ಅಮ್ಮಾ.

ಅಪ್ಪಾ, ನೀವು ಯಾವುದಕ್ಕೆ ಹೆದರಿದ್ದೀರಿ ಅಂತ ನನಗೆ ಗೊತ್ತು. ಕತ್ತರಿಗೆ. ಅಮ್ಮಾ, ನಗಬೇಡ, ಗಂಡಸರೆಲ್ಲ ಹಾಗೇ. ಡಾಕ್ಟರ ಹತ್ತಿರ ಮೊದಲು ನಾನೊಬ್ಬಳೇ ಹೋಗಿ ಮಾತಾಡಿಕೊಂಡು ಬರುತ್ತೇನೆ. ಏನು ಹೇಳಬೇಕು, ಏನು ಹೇಳಬೇಕಾಗಿಲ್ಲ, ಎಲ್ಲವನ್ನೂ ನನಗೆ ಬಿಡಿ.

ನಿಮ್ಮ ಮಗಳು,
ರೊಸ್ನಾನಿ


ಬಾಲಿಂಗ್
16 ಮೇ 1999
ಎರಡನೆಯ ಬದಿ

ಕಳ್ಳಿ,

ನನ್ನ ಮಗಳಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು ಅಂತ ಯೋಚಿಸುತ್ತ ಕೂತಿದ್ದೇನೆ. ಬಾಯಿ ಮುಚ್ಚಿಕೊಂಡಿರು ಅಂತ ಹೇಳಿಕಳಿಸಿದರೆ ಅವಳ ಬಾಯಿಂದಲೇ ಓದಿಸಿದೆಯಲ್ಲ.

ಕೇಳು, ಹೇಗಾಯಿತು ಅಂತ. ನಾನು ಮುಂದಿನ ಜಗಲಿಯಲ್ಲಿದ್ದೆ. ಅವಳು ಒಳಗೆ ಕರೆದು ಕೂರಿಸಿ ಓದತೊಡಗಿದಳು. ನಿನ್ನ ಅಮ್ಮ ಓದುವ ರೀತಿ ಗೊತ್ತಲ್ಲ, ಶಾಲೆಯಲ್ಲಿ ಕೈಕಟ್ಟಿ ನಿಂತ ಹುಡುಗಿಯ ಹಾಗೆ, ಚುಕ್ಕೆ ಬಂದಲ್ಲೆಲ್ಲ ಉಸಿರು ತೆಗೆದುಕೊಂಡು. ‘ನಾನು ಕೊಡುತ್ತೇನೆ’ ಅನ್ನುವಲ್ಲಿಗೆ ಬಂದಾಗ ದನಿ ನಿಂತುಹೋಯಿತು. ಅಳುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ನೋಡಿದರೆ ಕಾಗದವನ್ನು ನನ್ನ ತಲೆಗೆ ಬಡಿದಳು.

“ದಾರಿ ಇದೆ ಅಂತ ಆ ಡಾಕ್ಟ್ರು ನಿಮಗೆ ಹೇಳ್ಲೇ ಇಲ್ವಾ?”

“ಹೇಳಿರ್ಬೋದು. ನನಗೆ ಅರ್ಥ ಆಗಿರ್ಲಿಕ್ಕಿಲ್ಲ.”

“ನಿಮಗೆ ಯಾವುದು ತಾನೇ ಅರ್ಥ ಆಗತ್ತೆ. ಅವತ್ತು ನಾನೊಬ್ಬಳು ಇಲ್ದೇ ಹೋಗಿದ್ರೆ...” ಅಂತ ಮತ್ತೆ ಆ ಕಥೆ ಪೂರ್ತಿ ಹೇಳಿದಳು, ನನಗೇ. ತೊಡೆ, ರೆಪ್ಪೆ, ಡಬ್ಬಿ. ನಾನು ಹೂಂ ಅಂದೆ.

ಮರುದಿನದಿಂದ ಹೊಸ ಹಟ. ಮಗಳು ಮದುವೆಯಾಗಬೇಕಾದವಳು, ಅವಳ ಕಣ್ಣಿಗೆ ಕತ್ತರಿ ಬೇಡ, ತನ್ನದನ್ನು ತೆಗೆಯಲಿ ಅಂತ. ಲಾರಿ ಬಂದಾಗ ಅ ಚೋಯ್‌ನನ್ನೂ ಪಂಚಾಯಿತಿಗೆ ಎಳೆದಳು.

“ಗಂಡ ಹೆಂಡ್ತಿ ರಕ್ತಸಂಬಂಧಿ ಆಗಲ್ವಂತೆ ಪಿಯಾ ಅಕ್ಕಾ,” ಅಂದ ಅವನು.

“ಇಷ್ಟು ವರ್ಷ ಒಂದೇ ಪಾತ್ರೆ ಅನ್ನ ತಿಂದಿದೀವಿ. ಇನ್ನೂ ಒಂದೇ ರಕ್ತ ಆಗಿಲ್ಲಾಂದ್ರೆ ಯಾವಾಗ ಆಗೋದು?”

“ಹಾಗ್ ನೋಡಿದ್ರೆ ನಾನೂ ನಿಮ್ಮನೇಲಿ ತಿಂದಿದೀನಿ. ನನ್ನ ಕಣ್ಣೇ ತಗೊಳ್ಳಿ. ಲಾರಿ ಡಾರುಸ್ ಅಣ್ಣ ಓಡಿಸ್ಲಿ.”

ಅವಳು ನಕ್ಕಳು ಮಗಳೇ. ಕ್ಯಾನು ಜಾರಿದ ದಿನದಿಂದ ಅವಳು ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ. ಆ ನಗುವಿಗೇ ನಾನು ಒಪ್ಪಿಕೊಂಡದ್ದು. ಆದರೆ ಷರತ್ತು ಇದೆ. ಡಾಕ್ಟರ್ ಟಿಯೊ ಹೇಳಬೇಕಾದ್ದನ್ನು ನಿನಗೆ ಹೇಳಿಕೊಳ್ಳಲಿ. ಅವಳ ಮುಂದೆ ಅಮೋನಿಯಾ ಅನ್ನುವ ಶಬ್ದ ಬರಕೂಡದು. ಬರುತ್ತದೆ ಅಂತ ಅನುಮಾನ ಬಂದರೂ ನಾನು ಆಪರೇಷನ್ ಮೇಜಿನಿಂದ ಎದ್ದುಬರುತ್ತೇನೆ.

ಇಂತಿ,
ಕತ್ತರಿಗೆ ಹೆದರುವ ನಿನ್ನ ಅಪ್ಪ


ಕುಲಿಮ್
22 ಆಗಸ್ಟ್ 1999

ಅಮ್ಮ, ಅಪ್ಪನಿಗೆ ಸಲಾಮ್.

ಡಾಕ್ಟರನ್ನು ನೋಡಿಕೊಂಡು ಬಂದೆ. ನನ್ನ ರಕ್ತ ತೆಗೆದು ಅಪ್ಪನದರ ಜೊತೆ ಹೋಲಿಸಿದ್ದಾರೆ, ಅರ್ಧ ಹೊಂದುತ್ತದೆ, ಸಾಕು ಅಂದರು. ಹೊರಗಿನ ಚೂರನ್ನು ಮೈ ತಳ್ಳಿಹಾಕದಿರಲಿ ಅಂತ ಅಪ್ಪ ಬಹಳ ಕಾಲ ಗುಳಿಗೆ ನುಂಗಬೇಕಾಗುತ್ತದೆ. ಅಮ್ಮಾ, ನಿನಗೆ ಒಂದು ವಿಷಯ ಹೇಳಲೇಬೇಕು. ಕಸಿಯ ಮೇಲೆ ಹೊದಿಸಲು ಅವರು ಹೆರಿಗೆಯ ಮಾಸಿನ ತೆಳು ಪೊರೆಯನ್ನು ಬಳಸುತ್ತಾರಂತೆ. ಗಾಯಕ್ಕೆ ಅಷ್ಟು ಮೆತ್ತನೆಯದು ಬೇರೆ ಯಾವುದೂ ಇಲ್ಲವಂತೆ. ನಾವು ಮಾಸನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ ಮೆಟ್ಟಿಲ ಬಳಿ ಹೂಳುತ್ತೇವೆ. ಯಾವುದೋ ತಾಯಿ ಹೂಳದೆ ಅಪ್ಪನಿಗೆ ಕೊಟ್ಟಿದ್ದಾಳೆ. ಆ ಮಗುವಿಗಾಗಿ ಒಂದು ಪ್ರಾರ್ಥನೆ ಮಾಡು.

ಅಪ್ಪಾ, ಡಾಕ್ಟರ್ ಟಿಯೊ ಜಾಸ್ತಿ ಮಾತಾಡುವವರಲ್ಲ. ನಾನು ಬಹಳ ಕೇಳಿಕೊಂಡ ಮೇಲೆ, “ನಿಮ್ಮಪ್ಪನಿಗೆ ಹೇಳಾಗಿದೆ, ನಿನಗೂ ಹೇಳಾಯ್ತು. ಅಷ್ಟು ಸಾಕು,” ಅಂದರು. ಕತ್ತರಿಯ ಭಯ ಬಿಟ್ಟುಬಿಡಿ.

ಅಕ್ಟೋಬರ್ ಕೊನೆಯಲ್ಲಿ ಬನ್ನಿ ಅಂದಿದ್ದಾರೆ. ನಮ್ಮಿಬ್ಬರನ್ನೂ ಒಂದೇ ಬೆಳಗ್ಗೆ ಒಳಗೆ ಕರೆದುಕೊಳ್ಳುತ್ತಾರೆ. ಅಮ್ಮಾ, ನೀನು ಹಜಾರದಲ್ಲಿ ಒಬ್ಬಳೇ ಕೂರುವುದು ಬೇಡ, ಸಿಕ್‌ನಿಂದ ದೊಡ್ಡಮ್ಮನನ್ನು ಕರೆದುಕೊಂಡು ಬಾ.

ನಿಮ್ಮ ಮಗಳು,
ರೊಸ್ನಾನಿ


ಬಾಲಿಂಗ್
5 ಡಿಸೆಂಬರ್ 1999
ಮೊದಲನೆಯ ಬದಿ. ಎರಡನೆಯ ಬದಿ ಖಾಲಿ.

ಮಗಳೇ,

ಕೆಂಪು ಗುಂಡಿ ಕಂಡಿತು. ಕೆಂಪಾಗಿಯೇ ಕಂಡಿತು. ಇನ್ನೇನು ಹೇಳಲಿ.

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದ ದಿನ ಮೊದಲು ಒಂದು ನೀಲಿ ಕಂಡಿತ್ತು. ಆಕಾಶ ಅಂದುಕೊಂಡು ಬಹಳ ಹೊತ್ತು ನೋಡಿದೆ. ನೆಲ ಒರೆಸುವವಳ ಬಕೆಟ್ಟು ಅದು. ಅವಳು ಎತ್ತಿಕೊಂಡು ಹೋದಾಗ ನನಗೆ ಬೇಜಾರೇ ಆಯಿತು. ಈಗ ದಿನದಿಂದ ದಿನಕ್ಕೆ ಮಂಜು ಕರಗುತ್ತಿದೆ. ಬಾಳೆಯ ಎಲೆ ಸೀಳಿದ್ದು ಕಾಣುತ್ತದೆ. ಗೋಡೆಯ ಗಡಿಯಾರ ಕಾಣುತ್ತದೆ, ಮುಳ್ಳು ಇನ್ನೂ ಕಾಣುವುದಿಲ್ಲ. ನಿನ್ನ ಕಣ್ಣಿನ ಕೆಂಪು ಇಳಿಯಿತೇ? ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೋ.

ಅಮ್ಮ ಇಲ್ಲಿಲ್ಲ, ತೋಟದಲ್ಲಿದ್ದಾಳೆ. ಮೊದಲನೆಯ ಬದಿಯಲ್ಲಿ ಯಾಕೆ ಮಾತಾಡುತ್ತಿಲ್ಲ ಅಂತ ನೀನು ಕೇಳುತ್ತೀ. ನಾನೂ ಅದನ್ನೇ ನಿನ್ನನ್ನು ಕೇಳೋಣ ಅಂತಿದ್ದೆ. ಅವಳು ಮಾತೇ ಆಡುತ್ತಿಲ್ಲ. ಸಿಟ್ಟಲ್ಲ. ಕರೆದರೆ ಬರುತ್ತಾಳೆ, ಗುಳಿಗೆ ಕೊಡುತ್ತಾಳೆ, ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕುತ್ತಾಳೆ. ಆದರೆ ನನ್ನ ತಲೆಯ ಹಿಂದೆ ನಿಂತು ಹಾಕುತ್ತಾಳೆ. ಮೇಲೆ ನೋಡಿದರೆ ಬರೀ ಕೈ ಕಾಣುತ್ತದೆ. ಮುಖ ತೋರಿಸು ಅಂದರೆ, “ಒಲೆ ಮೇಲೆ ಹಾಲಿದೆ,” ಅಂತ ಹೋಗುತ್ತಾಳೆ. ಇಡೀ ದಿನ ಒಲೆಯ ಮೇಲೆ ಹಾಲು.

ಮೊನ್ನೆ ಮಸೀದಿಯ ಹಿರಿಯರಾದ ಲೆಬಾಯ್ ಸಾದ್ ಮತ್ತು ಅವರ ಹೆಂಡತಿ ಸೊಸೆಯನ್ನು ಕರೆದುಕೊಂಡು ನೋಡಲು ಬಂದಿದ್ದರು. ಆಕೆ, “ಸೆಪಿಯಾ, ಅವತ್ತು ನೀನೇನು ಮಾಡಿದೆ ಅಂತ ನಮ್ಮ ಸೊಸೆಗೂ ಹೇಳೇ,” ಅಂದರು. ನಾನು ಹೂಂ ಅನ್ನಲು ತಯಾರಾಗಿ ಕೂತಿದ್ದೆ. ಇವಳು, “ನನಗೆ ನೆನಪಿಲ್ಲ,” ಅಂದಳು. ಲೋಟ ಎತ್ತಿಕೊಂಡು ಒಳಗೆ ಹೋದಳು.

ಅ ಚೋಯ್ ಬೇರೆ ದೂರು ಹೇಳುತ್ತಿದ್ದಾನೆ. ಅವಳು ಅಮೋನಿಯಾದ ಡಬ್ಬಿಯನ್ನು ಅವನಿಗೆ ವಾಪಸು ಕೊಟ್ಟಿದ್ದಾಳೆ. ಹಾಲು ಮಾರುವುದಿಲ್ಲ, ಇನ್ನು ಎಲ್ಲವನ್ನೂ ಶೀಟೇ ಮಾಡುತ್ತೇನೆ ಅಂದಳಂತೆ. ಅದನ್ನು ಕೇಳಿ ಅವಳಿಗೆ ತಿಳಿದುಹೋಯಿತೇ ಅಂದುಕೊಂಡೆ. ಆಮೇಲೆ ಸಮಾಧಾನ ಮಾಡಿಕೊಂಡೆ. ಅದರ ವಾಸನೆ ಈಗ ನನಗೆ ಆಗುವುದಿಲ್ಲ ಅಂತ ಹಾಗೆ ಮಾಡಿರಬೇಕು.

ದೊಡ್ಡಮ್ಮನಿಗೆ ಆ ದಿನ ಬರಲಾಗಲಿಲ್ಲವಲ್ಲ, ಅಮ್ಮ ಹಜಾರದಲ್ಲಿ ಒಬ್ಬಳೇ ಕೂತು ಹೆದರಿಕೊಂಡಿರಬೇಕು. ಡಾಕ್ಟರ್ ಟಿಯೊ ಏನಾದರೂ ಅಂದರೇ? ನನ್ನ ಮುಂದೆಯಂತೂ ಏನೂ ಅನ್ನಲಿಲ್ಲ. ಕಾಗದ ಬರೆಯುವಾಗ ಜಾಣತನದಿಂದ ಬರಿ. ಓದುವವಳು ಇನ್ನೂ ಅವಳೇ.

ಇಂತಿ,
ನಿನ್ನ ಅಪ್ಪ


ಬಾಲಿಂಗ್
20 ಡಿಸೆಂಬರ್ 1999

ನಾನಿ,

ನಾನು ಯಾರಿಗೂ ಕಾಗದ ಬರೆದವಳಲ್ಲ, ಓದಿದವಳು. ತಪ್ಪಿದ್ದರೆ ತಿದ್ದಿಕೋ.

ಆಪರೇಷನ್ ದಿನ ನೀವಿಬ್ಬರೂ ಒಳಗಿದ್ದಿರಿ. ನನ್ನ ಪಕ್ಕ ಗೆರಿಕ್ ಕಡೆಯ ಒಬ್ಬ ಹೆಂಗಸು ಕೂತಿದ್ದಳು, ಅವರದೂ ರಬ್ಬರ್ ತೋಟ. ಅವಳ ತಮ್ಮನ ಕಣ್ಣಿಗೆ ಆಸಿಡ್ ಬಿದ್ದಿತ್ತಂತೆ. ಒಬ್ಬರಿಗೊಬ್ಬರು ಬಾಳೆಹಣ್ಣು ಕೊಟ್ಟುಕೊಂಡೆವು. ಸುಮ್ಮನಿದ್ದರೆ ಅತ್ತುಬಿಡುತ್ತೇನೆ ಅನ್ನಿಸಿತು. ಅದಕ್ಕೆ ಕಥೆ ಹೇಳಿದೆ. ಯಾವಾಗಲೂ ಹೇಳುವ ಹಾಗೇ ಹೇಳಿದೆ. ಕೈಯಲ್ಲಿ ಅಭಿನಯ ಮಾಡಿ ತೋರಿಸಿದೆ.

ಅವಳು, “ನಮ್ಮನೇಲಿ ಯಾರಿಗೂ ಅದು ಹೊಳೀಲೇ ಇಲ್ಲ ಅಕ್ಕಾ. ತಮ್ಮನ್ನ ಹಳ್ಳದ ನೀರಿಗೆ ತಲೆ ಅದ್ದಿಸಿ ಕೂರಿಸಿದ್ವಿ, ದಡ್ಡರು,” ಅಂದಳು.

“ಈಗ ಹೇಗಿದಾನೆ?” ಅಂದೆ.

“ಕಾಣತ್ತೆ. ಒಂದು ಪೊರೆ ಉಳಿದಿದೆ, ಅದನ್ನ ತೆಗೀತಾರಂತೆ.”

ಅಲ್ಲೇ ಒಬ್ಬ ನರ್ಸು ಹುಡುಗಿ ನೀರಿನ ಲೋಟ ಜೋಡಿಸುತ್ತಿದ್ದಳು. ನಾನು ಯಾರು, ಯಾರ ಹೆಂಡತಿ ಅಂತ ಅವಳಿಗೆ ಗೊತ್ತಿಲ್ಲ. ಹತ್ತಿರ ಬಂದು, ನನ್ನ ಭುಜದ ಮೇಲೆ ಕೈಯಿಟ್ಟು, ಚಿಕ್ಕಮ್ಮನಿಗೆ ಹೇಳುವ ಹಾಗೆ ಬಹಳ ಮೆತ್ತಗೆ ಹೇಳಿದಳು. “ಮಕ್‌ಚಿಕ್, ಊರಿಗೆ ಹೋದ್ಮೇಲೆ ಎಲ್ರಿಗೂ ಹೇಳಿ. ಅಮೋನಿಯಾ ಹಾಕ್ಬಾರ್ದು. ಆಸಿಡ್ ಕಣ್ಣಿನ ಮೇಲ್ಗಡೆಯೇ ನಿಂತ್ಬಿಡತ್ತೆ. ಕಣ್ಣು ತಿನ್ನೋದು ಅಮೋನಿಯಾನೇ. ಬರೀ ನೀರು ಹಾಕ್ಬೇಕು.”

ನಾನು “ಆಯ್ತು ಮಗಾ, ಹೇಳ್ತೀನಿ,” ಅಂದೆ.

ಆಮೇಲೆ ಬಾಳೆಹಣ್ಣನ್ನು ಪೂರ್ತಿ ತಿಂದೆ. ಯಾಕೆ ತಿಂದೆನೋ ಗೊತ್ತಿಲ್ಲ.

ಸುರಿದದ್ದಕ್ಕೆ ನಾನು ಅಳುತ್ತಿಲ್ಲ ನಾನಿ. ಗೊತ್ತಿಲ್ಲದೆ ಆದದ್ದನ್ನು ದೇವರು ನೋಡಿಕೊಳ್ಳಲಿ. ನಾನು ಆ ಕಥೆ ಎಷ್ಟು ಜನರ ಮುಂದೆ ಹೇಳಿದ್ದೇನೆ ಅಂತ ನಿನಗೆ ಗೊತ್ತು. ಮದುವೆಮನೆಯಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಹೇಳಿದ್ದೇನೆ. ಅವರು ಪಕ್ಕದಲ್ಲೇ ಕೂತಿರುತ್ತಿದ್ದರು, ನನ್ನಿಂದ ಕಣ್ಣು ಕಳೆದುಕೊಂಡವರು. ನಾನು ತಿರುಗಿ ಅಲ್ವಾ ಅನ್ನುತ್ತಿದ್ದೆ. ಅವರು ಹೂಂ ಅನ್ನುತ್ತಿದ್ದರು. ಆ ಹೂಂ ನನ್ನ ಕಿವಿಯಿಂದ ಹೋಗುತ್ತಿಲ್ಲ.

ಅವರಿಗೆ ಗೊತ್ತಿತ್ತು. ನಿನಗೂ ಗೊತ್ತಿತ್ತು. ಏನು ಹೇಳಬೇಕಾಗಿಲ್ಲ ಅಂತ ನೀನು ಬರೆದದ್ದನ್ನು ನಾನೇ ಜೋರಾಗಿ ಓದಿದೆನಲ್ಲ. ನಿನ್ನ ಮೇಲೆ ಸಿಟ್ಟಿಲ್ಲ.

ಒಂದೇ ಕೇಳಿಕೊಳ್ಳುತ್ತೇನೆ. ನನಗೆ ತಿಳಿಯಿತು ಅಂತ ಅಪ್ಪನಿಗೆ ತಿಳಿಸಬೇಡ. ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದಾರೆ, ಅದು ಉಳಿದಿದೆ ಅಂತಲೇ ಅಂದುಕೊಂಡಿರಲಿ.

ಅಮ್ಮ


ಕುಲಿಮ್
16 ಜನವರಿ 2000

ಅಮ್ಮ, ಅಪ್ಪನಿಗೆ ಸಲಾಮ್.

ಹಬ್ಬ ಮುಗಿಸಿ ಕ್ಷೇಮವಾಗಿ ತಲುಪಿದೆ. ಬಸ್ಸಿನಲ್ಲಿ ಜಾಗ ಸಿಕ್ಕಿತು. ಅಮ್ಮ ಕಟ್ಟಿಕೊಟ್ಟ ಕೇತುಪಾಟ್ ಕಡುಬು ಕೆಟ್ಟಿರಲಿಲ್ಲ. ನನ್ನ ಕಣ್ಣು ಚೆನ್ನಾಗಿದೆ.

ಮನೆಯಲ್ಲಿದ್ದ ದಿನಗಳಲ್ಲಿ ಅಪ್ಪ ನನ್ನನ್ನು ಒಂದು ಕಡೆ ಕರೆದು ಏನೋ ಕೇಳಿದರು, ಅಮ್ಮ ಇನ್ನೊಂದು ಕಡೆ ಕರೆದು ಏನೋ ಕೇಳಿದಳು. ಇಬ್ಬರಿಗೂ ನಾನು ಗೊತ್ತಿಲ್ಲ ಅಂದೆ. ಯಾರು ಓದಿದರೂ ನಡೆಯುವಂಥ ಮಾತು ನನ್ನ ಹತ್ತಿರ ಇನ್ನು ಯಾವುದೂ ಉಳಿದಿಲ್ಲ.

ನಿಮ್ಮಿಬ್ಬರ,
ರೊಸ್ನಾನಿ


ಬಾಲಿಂಗ್
12 ಮಾರ್ಚ್ 2000

ಮಗಳೇ ನಾನಿ,

ಇದು ನನ್ನದೇ ಕೈಬರಹ. ಸಾಲು ಡೊಂಕಾಗಿದೆ, ಕಣ್ಣಿನ ತಪ್ಪಲ್ಲ, ಮೊದಲಿನಿಂದಲೂ ಹಾಗೇ. ಕ್ಯಾಸೆಟ್ಟಿನಲ್ಲಿ ಹೇಳಬಹುದಿತ್ತು. ಮನೆಯಲ್ಲಿ ಒಬ್ಬನೇ ಮಾತಾಡಿದರೆ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಅಮ್ಮ ಸಿಕ್‌ಗೆ, ಅಕ್ಕನ ಮನೆಗೆ ಹೋಗಿದ್ದು ನಿನಗೆ ಗೊತ್ತಿದೆ. ದೊಡ್ಡಮ್ಮನಿಗೆ ಮಂಡಿನೋವು, ಸ್ವಲ್ಪ ದಿನ ಇದ್ದು ಬರುತ್ತೇನೆ ಅಂದಿದ್ದಳು. ಬರಲಿಲ್ಲ. ನಾನು ಹೇಳಿಕಳಿಸಿದೆ, ಬರಲಿಲ್ಲ. ಕಣ್ಣು ಹೋಗಿದ್ದಾಗ ಅವಳು ದಿನವೆಲ್ಲ ನನ್ನ ಮುಂದೆಯೇ ಇದ್ದಳು. ಅವಳ ದನಿ, ಬೆವರಿನ ವಾಸನೆ, ಅನ್ನದ ತಟ್ಟೆಯ ಹತ್ತಿರ ನನ್ನ ಕೈ ಎಳೆದುಕೊಂಡು ಹೋಗುವ ಅವಳ ಬೆರಳು. ಈಗ ಮನೆಯಲ್ಲಿ ಎಲ್ಲವೂ ಕಾಣುತ್ತದೆ. ಗಡಿಯಾರದ ಮುಳ್ಳೂ ಕಾಣುತ್ತದೆ.

ಕಳೆದ ತಿಂಗಳು ನಾನೇ ಬಸ್ಸಿನ ಬೋರ್ಡು ಓದಿಕೊಂಡು ಹೊರಟೆ. ದಾರಿಯುದ್ದಕ್ಕೂ ಒಂದೇ ಆಸೆ. ಆಸಿಡ್ ಬಿದ್ದ ಮೇಲೆ ಅವಳ ಮುಖವನ್ನು ನಾನು ಸರಿಯಾಗಿ ನೋಡೇ ಇಲ್ಲ ಮಗಳೇ. ಹಬ್ಬದ ದಿನವೂ ತಲೆಯ ಬಟ್ಟೆ ಮುಂದಕ್ಕೆಳೆದುಕೊಂಡೇ ಓಡಾಡಿದಳು.

ದೊಡ್ಡಮ್ಮನ ಅಂಗಳದಲ್ಲಿ ಅವಳು ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಬೆನ್ನು ನೋಡಿಯೇ ಗುರುತು ಹಿಡಿದೆ. ಹೆಜ್ಜೆ ಸದ್ದಿಗೆ ತಿರುಗಿದವಳು ಎರಡೂ ಕೈಯಿಂದ ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡಳು. ತುರಿ ಎಲ್ಲ ಅವಳ ಮಡಿಲಿಗೆ ಬಿತ್ತು.

“ನೋಡ್ಬೇಡಿ ಅಬಾಂಗ್.”

“ಯಾಕೆ?”

“ನೀವು ನೋಡಿದ್ರೆ ನನ್ನ ಕೈಲಾಗಲ್ಲ.”

ಆಗ ತಿಳಿಯಿತು ನನಗೆ, ಅವಳಿಗೆ ಗೊತ್ತಾಗಿದೆ ಅಂತ. ಯಾರು ಹೇಳಿದರು ಅಂತ ಕೇಳಲಿಲ್ಲ. “ನೀನು ನನ್ನ ಒಳ್ಳೇದಕ್ಕೇ...” ಅಂತ ಶುರು ಮಾಡಿದೆ.

“ಹೇಳ್ಬೇಡಿ. ನೀವು ಅದನ್ನೇ ಹೇಳ್ತೀರ ಅಂತ ಗೊತ್ತು. ಹಗಲೂ ರಾತ್ರಿ ನನಗೆ ನಾನೇ ಅದನ್ನ ಹೇಳ್ಕೊಂಡಾಗಿದೆ.” ಆಮೇಲೆ ಬಟ್ಟೆಯೊಳಗಿಂದಲೇ, “ನಾನು ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದಾಗ ಯಾಕೆ ಹೂಂ ಅಂತಿದ್ರಿ? ಒಂದ್ಸಲ ಬಾಯಿಗೆ ಬಂದಂಗೆ ಬೈದುಬಿಟ್ಟಿದ್ರೆ ನಾನು ಅವತ್ತೇ ಅತ್ತು ಮುಗಿಸ್ತಿದ್ದೆ,” ಅಂದಳು.

ಅವಳು ಮುಖ ಮುಚ್ಚಿಕೊಂಡು ಕೂತೇ ಇದ್ದಳು, ಭುಜ ಅಲುಗುತ್ತಿತ್ತು. ಬೇರೇನು ಮಾಡಬೇಕೋ ತಿಳಿಯದೆ ನಾನು ಕಣ್ಣು ಮುಚ್ಚಿಕೊಂಡೆ. “ಮುಚ್ಕೊಂಡಿದೀನಿ ಪಿಯಾ,” ಅಂದೆ.

ತುರಿಮಣೆ ಸರಿದ ಸದ್ದಾಯಿತು. ನನ್ನ ಮುಂಗೈ ಹಿಡಿದುಕೊಂಡಳು. ಕೈಯಲ್ಲಿ ಕಾಯಿಯ ಹಸಿ ಇತ್ತು. “ಮೆಟ್ಲಿದೆ,” ಅಂದಳು. “ಇನ್ನೊಂದಿದೆ.” ಒಳಗೆ ಕೂರಿಸಿ ತಟ್ಟೆ ಇಟ್ಟಳು. “ಅನ್ನ ಇಲ್ಲಿ. ಮೀನು ಇಲ್ಲಿ, ಮುಳ್ಳು ತೆಗ್ದಿದೀನಿ.” ನಾನು ಉಂಡೆ. ಅವಳು ಮಾತಾಡಿದಳು, ದೊಡ್ಡಮ್ಮನ ಮಂಡಿ, ಅವರ ಮೊಮ್ಮಗಳ ಹಟ, ನಿನಗೆ ಬಂದಿರುವ ಸಂಬಂಧ. ನಡುವೆ ಒಮ್ಮೆ ನೀರಿನ ಲೋಟ ಹುಡುಕುವಾಗ ಅರಿವಿಲ್ಲದೆ ಕಣ್ಣು ತೆರೆದುಬಿಟ್ಟೆ. ಎದ್ದು ಒಳಗೆ ಹೋದಳು. ಮತ್ತೆ ಮುಚ್ಚಿಕೊಂಡ ಮೇಲೆಯೇ ಬಂದದ್ದು.

ಹೊರಡುವಾಗ ಮನೆಗೆ ಬಾ ಅಂದೆ.

“ಅಲ್ಲಿ ನೀವು ದಿನಾ ಹೀಗೆ ಇರಕ್ಕಾಗತ್ತಾ?”

“ಇರ್ತೀನಿ.”

“ಸುಳ್ಳು ಸಾಕು ಅಬಾಂಗ್.”

ಆಮೇಲಿಂದ ಶುಕ್ರವಾರದ ನಮಾಜು ಮುಗಿಸಿಕೊಂಡು ಸಿಕ್ ಬಸ್ಸು ಹತ್ತುತ್ತೇನೆ. ಅಂಗಳದ ಬೇಲಿಯ ತನಕ ಕಣ್ಣು ಬಿಟ್ಟುಕೊಂಡು ನಡೆಯುತ್ತೇನೆ, ಅಲ್ಲಿಂದ ಅವಳು ಕೈ ಹಿಡಿಯುತ್ತಾಳೆ. ಕೊನೆಯ ಬಸ್ಸಿಗೆ ವಾಪಸು ಬರುತ್ತೇನೆ. ಮನೆಯಲ್ಲಿ ಹನಿ ನಾನೇ ಹಾಕಿಕೊಳ್ಳುತ್ತೇನೆ, ಕನ್ನಡಿ ನೋಡಿಕೊಂಡು.

ಮೊನ್ನೆ ಡಾಕ್ಟರ್ ಟಿಯೊ ಪರೀಕ್ಷೆ ಮಾಡಿದರು. ನಿನ್ನ ಚೂರು ಚೆನ್ನಾಗಿ ಕೂತಿದೆ, ಸುತ್ತಲೂ ತಿಳಿಯಾಗಿದೆ, ಗುಳಿಗೆ ಬಿಡಬೇಡಿ ಅಂದರು. ಮನೆಯಲ್ಲಿ ಎಲ್ಲ ಹೇಗಿದ್ದಾರೆ ಅಂತ ಕೇಳಿದರು. ಚೆನ್ನಾಗಿದ್ದಾರೆ ಅಂದೆ.

ನೀನು ಚಿಂತೆ ಮಾಡಬೇಡ ಮಗಳೇ. ನೀನು ಕೊಟ್ಟ ಕಣ್ಣನ್ನು ನಾನು ಹಾಳು ಮಾಡುತ್ತಿಲ್ಲ. ಅಲ್ಲಿ ಮಾತ್ರ ಮುಚ್ಚಿಕೊಂಡಿರುತ್ತೇನೆ.

ಇಂತಿ,
ನಿನ್ನ ಅಪ್ಪ
ಡಾರುಸ್